ಗಡಿ ದಾಟಿದವರು, ಊರಲ್ಲೇ ಉಳಿದವರು

ಬಾದಾಮಿ ಸೀಮೆಯಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವಿದೆ. ಮಠಗಳಿಗೆ ಯೋಗ್ಯರಾದ ಸ್ವಾಮಿಗಳನ್ನು ಅಣಿಗೊಳಿಸಬೇಕೆಂದು ಹಾನಗಲ್ಲ ಕುಮಾರಸ್ವಾಮಿಗಳು ೧೯೦೯ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ವಿದ್ಯಾರ್ಥಿಗಳನ್ನು ಪಟ್ಟದಕಲ್ಲು, ಮಹಾಕೂಟಗಳಿಗೆ ಕರೆದುಕೊಂಡು ಹೋದಾಗಲೆಲ್ಲ ಅಲ್ಲಿಯೂ ಒಂದು ತಾಸು ನಿಂತು ಬರುವುದು ನನ್ನ ರೂಢಿ. ಕಳೆದ ಸಲ ಹೋದಾಗ ಕುಷ್ಟಗಿ ಕಡೆಯ ಹುಡುಗನೊಬ್ಬ ಹೊಳೆಯ ಮೆಟ್ಟಿಲ ಮೇಲೆ ಕುಳಿತು ಕೇಳಿದ: “ಸರ, ನಮ್ಮೂರ ಮಠದ ಹಿಂದಿನ ಅಜ್ಜಾರು ಇಲ್ಲೇ ಕಲತವರಂತ. ಆಗ ನಮ್ಮೂರು ನಿಜಾಮನ ರಾಜ್ಯದಾಗಿತ್ತು. ಗಡಿ ದಾಟಿ ಹೆಂಗ ಬರತಿದ್ರು?”

“ನಡಕೋಂತ ಬರತಿದ್ರಪಾ” ಎಂದೆ. ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಠದ ವಟುಗಳು ಪುಸ್ತಕದ ಗಂಟು ಹೊತ್ತು ಪಶ್ಚಿಮಕ್ಕೆ ಬಂದಂಥ ಕಾಲುದಾರಿಗಳಲ್ಲೇ ೧೯೪೮ರಲ್ಲಿ ಬೇರೆ ಕೆಲವರು ಹೆಗಲ ಮೇಲೆ ಬಂದೂಕು ಹೊತ್ತು ಪೂರ್ವಕ್ಕೆ ನಡೆದಿದ್ದರು. ಅಂಥದೇ ಒಂದು ದಾರಿಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಎತ್ತಿನ ಗಾಡಿಯಲ್ಲಿ ಮೇವಿನ ಕೆಳಗೆ ಮಲಗಿ ಈ ಕಡೆಗೆ ಬಂದಳು. ಅವಳು ನನ್ನ ಆಯಿ, ನನ್ನ ತಂದೆಯ ತಾಯಿ. ಈ ಮೂರು ಪ್ರಯಾಣಗಳನ್ನು ಕೂಡಿಸಿ ಓದದೆ ನಮ್ಮ ಸೀಮೆಯ ಇತಿಹಾಸ ಪೂರ್ತಿಯಾಗದು ಎಂದು ನನಗೆ ತೋರುತ್ತದೆ.

ಗಡಿ ಎಂದರೆ ಇಂದಿನ ಓದುಗರ ಕಣ್ಣಿಗೆ ಮುಳ್ಳುತಂತಿ ಬರುತ್ತದೆ. ಅಂದಿನ ಗಡಿ ಅಂಥದಲ್ಲ. ಬಾದಾಮಿ, ಹುನಗುಂದ, ಇಲಕಲ್ಲು ಇವೆಲ್ಲ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಇಲಕಲ್ಲಿನಿಂದ ತುಸು ಮುಂದೆ ಹೋದರೆ ಕುಷ್ಟಗಿ ತಾಲೂಕು. ಅದು ನಿಜಾಮರ ರಾಯಚೂರು ಜಿಲ್ಲೆ. ನಮ್ಮ ಹಿರಿಯರು ಆ ನಾಡಿಗೆ ‘ಮೊಗಲಾಯಿ’ ಎನ್ನುತ್ತಿದ್ದರು. ಹೈದರಾಬಾದ್ ಸಂಸ್ಥಾನದ ೧೬ ಜಿಲ್ಲೆಗಳಲ್ಲಿ ಬೀದರ, ಗುಲಬರ್ಗಾ, ರಾಯಚೂರು ಈ ಮೂರು ಕನ್ನಡದವು. ಅಲ್ಲಿ ಕಚೇರಿಯ ಭಾಷೆ ಉರ್ದು, ನಾಣ್ಯ ಹಾಲಿ ಸಿಕ್ಕಾ. ಈ ಕಡೆಯ ಕಲ್ದಾರ್ ಆರು ರೂಪಾಯಿಗೆ ಆ ಕಡೆಯ ಏಳು ರೂಪಾಯಿ ಹೆಚ್ಚು ಕಡಿಮೆ ಸಮ. ದಾರಿಯಲ್ಲಿ ಸುಂಕದ ಕಟ್ಟೆ ಇತ್ತು. ಜನ ಅದನ್ನು ಕರೋಡಗಿರಿ ನಾಕೆ ಎಂದು ಕರೆಯುತ್ತಿದ್ದರು. ಗಡಿ ಇದ್ದುದು ಆ ನಾಕೆಗೆ, ನಾಣ್ಯಕ್ಕೆ, ಕಚೇರಿಯ ಕಾಗದಕ್ಕೆ. ಶಿವಯೋಗ ಮಂದಿರದ ವಿಭೂತಿಗೆ ಗಡಿ ಇರಲಿಲ್ಲ. ಇಲಕಲ್ಲ ಸೀರೆಗೂ ಇರಲಿಲ್ಲ. ಬನಶಂಕರಿಯ ಜಾತ್ರೆಗೆ ಅತ್ತಣಿಂದ ಗಾಡಿ ಹೂಡಿಕೊಂಡು ಬರುತ್ತಿದ್ದರು. ಹೆಣ್ಣು ಕೊಡುವುದು, ತರುವುದು ಎರಡೂ ಕಡೆಗೆ ನಡೆದಿತ್ತು.

೧೯೪೭ರ ಆಗಸ್ಟ್ ೧೫ರಂದು ಈ ತೆಳು ಗೆರೆ ಒಮ್ಮೆಲೆ ದಪ್ಪವಾಯಿತು. ಈ ಕಡೆ ಸ್ವತಂತ್ರ ಭಾರತ. ಆ ಕಡೆ ಭಾರತಕ್ಕೆ ಸೇರಲೊಲ್ಲದ ನಿಜಾಮರ ರಾಜ್ಯ. ಅಲ್ಲಿ ತ್ರಿವರ್ಣ ಧ್ವಜ ಹಾರಿಸುವುದೇ ಅಪರಾಧವಾಯಿತು. ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು ಸೆರೆಮನೆ ಸೇರಿದರು. ನವೆಂಬರ್ ೨೯ರಂದು ದಿಲ್ಲಿಗೂ ಹೈದರಾಬಾದಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಕಾಗದ ಒಣಗುವ ಮೊದಲೇ ಹೈದರಾಬಾದ್ ಸರಕಾರ ತನ್ನ ಸೀಮೆಯಲ್ಲಿ ಭಾರತದ ನಾಣ್ಯದ ಚಲಾವಣೆಯನ್ನು ತಡೆಯಿತು. ಪಾಕಿಸ್ತಾನಕ್ಕೆ ೨೦ ಕೋಟಿ ರೂಪಾಯಿ ಸಾಲ ಕೊಟ್ಟಿತು. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರ ದಂಡು ಹಳ್ಳಿ ಹಳ್ಳಿಗೆ ಇಳಿಯಿತು. ಜನ ಗಂಟುಮೂಟೆ ಕಟ್ಟಿಕೊಂಡು ಮುಂಬಯಿ ಪ್ರಾಂತದ ಕಡೆಗೆ ಬರತೊಡಗಿದರು.

ಬಂದವರಲ್ಲಿ ತರುಣರು ಸುಮ್ಮನೆ ಕುಳ್ಳಿರಲಿಲ್ಲ. ಗಡಿಯುದ್ದಕ್ಕೂ ಶಿಬಿರಗಳು ಎದ್ದವು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು, ಗುಲಬರ್ಗಾದ ಕಡೆಗೆ ಸರದಾರ ಶರಣಗೌಡ ಇನಾಮದಾರರು ಮುಂದಾಳುಗಳಾದರು. ಶಾಲೆ ಬಿಟ್ಟ ಹುಡುಗರು, ಹೊಲ ಬಿಟ್ಟ ರೈತರು, ಸೈನ್ಯದಿಂದ ಮರಳಿದವರು ಅಲ್ಲಿ ಕೂಡಿದರು. ಮುಂಬಯಿ ಪ್ರಾಂತದ ಅಧಿಕಾರಿಗಳು ಅನೇಕ ಕಡೆ ಕಂಡೂ ಕಾಣದಂತೆ ಇದ್ದರು. ಗಜೇಂದ್ರಗಡ ಮಲಪ್ರಭೆಯ ಈ ದಂಡೆಯಿಂದ ಆಗ್ನೇಯಕ್ಕೆ ಒಂದು ದಿನದ ನಡಿಗೆ. ಅಲ್ಲಿಂದ ನಿಜಾಮರ ಸೀಮೆ ಕೂಗಳತೆಯಲ್ಲಿತ್ತು.

ಅವರ ದಾಳಿಯ ರೀತಿ ಸರಳವಾದುದು. ಹೊತ್ತು ಮುಳುಗಿದ ಮೇಲೆ ಗುಂಪು ಹೊರಡುವುದು. ನಾಕೆಯ ಮೇಲೆ ಇಲ್ಲವೆ ಪೋಲೀಸ ಠಾಣೆಯ ಮೇಲೆ ಬೀಳುವುದು. ಅಲ್ಲಿಯ ಬಂದೂಕುಗಳನ್ನು ಕಸಿದುಕೊಳ್ಳುವುದು. ಚಾವಡಿಯ ದಫ್ತರಕ್ಕೆ ಬೆಂಕಿ ಹಚ್ಚುವುದು. ದಫ್ತರ ಸುಟ್ಟರೆ ಲೆವಿ ಧಾನ್ಯದ ಲೆಕ್ಕವೂ ಕಂದಾಯದ ಲೆಕ್ಕವೂ ಒಟ್ಟಿಗೇ ಬೂದಿ. ನಸುಕು ಹರಿಯುವ ಮೊದಲು ಗಡಿ ದಾಟಿ ಮರಳುವುದು. ಕೆಲವೆಡೆ ಹಳ್ಳಿಗಳಲ್ಲಿ ನಿಜಾಮರ ಆಡಳಿತವೇ ಹೆಸರಿಗೆ ಮಾತ್ರ ಉಳಿಯಿತು. ದಾರಿ ತೋರಿಸುವವರು, ರೊಟ್ಟಿ ಕೊಡುವವರು, ನಾಯಿ ಬೊಗಳದಂತೆ ನೋಡಿಕೊಳ್ಳುವವರು ಇಲ್ಲದೆ ಇದೊಂದೂ ಆಗುತ್ತಿರಲಿಲ್ಲ. ಆ ರೊಟ್ಟಿ ಕೊಡುವವರು ದಾಳಿಗಾರರ ಬೀಗರೋ ಅಣ್ಣತಮ್ಮಂದಿರೋ ಆಗಿರುತ್ತಿದ್ದರು. ಜನರ ಪಾಲಿಗೆ ಗಡಿ ಇರಲಿಲ್ಲವಾದ್ದರಿಂದಲೇ ಗಡಿ ದಾಟಿದ ದಾಳಿ ಸಾಧ್ಯವಾಯಿತು.

ಈ ನೆಲಕ್ಕೆ ಇದು ಹೊಸದೂ ಅಲ್ಲ. ೧೮೫೮ರ ಮೇ ತಿಂಗಳಲ್ಲಿ ಇದೇ ಮುಂಡರಗಿಯ ಭೀಮರಾವ್ ಇಂಗ್ಲಿಷರ ವಿರುದ್ಧ ಎದ್ದು, ಹಮ್ಮಿಗಿಯ ಕೆಂಚನಗೌಡನೊಂದಿಗೆ ನಿಜಾಮರ ಸೀಮೆಗೆ ದಾಟಿ ಕೊಪ್ಪಳದ ಕೋಟೆಯನ್ನು ಹಿಡಿದನು. ಜೂನ್ ಮೊದಲಲ್ಲೇ ಮೇಜರ್ ಹ್ಯೂಸ್‌ನ ಸೈನ್ಯ ಕೋಟೆಯನ್ನು ಮುತ್ತಿ ಅವನನ್ನು ಮುಗಿಸಿತು. ತೊಂಬತ್ತು ವರ್ಷದ ಅಂತರದಲ್ಲಿ ಅದೇ ಊರಿನಿಂದ ಅದೇ ದಿಕ್ಕಿಗೆ ಎರಡನೆಯ ಸಲ ಶಸ್ತ್ರ ಹೊರಟಿತು. ಒಂದು ಭೇದವುಂಟು. ಭೀಮರಾಯನು ಕೋಟೆಯೊಳಗೆ ನಿಂತು ಸತ್ತನು. ೧೯೪೮ರವರು ನಿಲ್ಲಲಿಲ್ಲ, ಹೊಡೆದು ಮರಳಿದರು. ಯುದ್ಧನೀತಿಯಲ್ಲಿ ಅದೇ ಜಾಣತನ. ಆದರೆ ಅವರು ಮರಳಿದ ಮೇಲೆ ಊರಿನಲ್ಲಿ ಉಳಿದವರ ಗತಿ ಏನು?

ನನ್ನ ಆಯಿಯ ತವರು ಕುಷ್ಟಗಿ ತಾಲೂಕಿನ ಒಂದು ಸಣ್ಣ ಹಳ್ಳಿ. ಮುಂಗಾರಿನ ಸಜ್ಜೆ ಆಳುದ್ದ ಬೆಳೆದಿದ್ದ ದಿನಗಳು. ಒಂದು ರಾತ್ರಿ ಶಿಬಿರದವರು ಬಂದರು. ಚಾವಡಿಯ ಕಾಗದ ಸುಟ್ಟರು. ಆಯಿಯ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡರು. ಕೋಳಿ ಕೂಗುವ ಮೊದಲು ಪಡುವಣಕ್ಕೆ ಹೊರಟುಹೋದರು. ಮೂರನೆಯ ದಿನ ರಜಾಕಾರರು ಬಂದರು. ಗಂಡಸರು ಸಜ್ಜೆಯ ಹೊಲ ಸೇರಿದರು. ಆಯಿಯ ಅಪ್ಪ ಮಾತ್ರ ಹೋಗಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಳು. ರೊಟ್ಟಿ ಕೊಟ್ಟ ತಪ್ಪಿಗೆ ಅವನನ್ನು ಚಾವಡಿಯ ಕಂಬಕ್ಕೆ ಕಟ್ಟಿ ಹೊಡೆದರು. ಆಯಿಯನ್ನೂ ಅವಳ ತಾಯಿಯನ್ನೂ ನೆರೆಮನೆಯ ಪಿಂಜಾರ ಸಾಬ ತನ್ನ ಮನೆಯ ಅರಳೆಯ ರಾಶಿಯ ಹಿಂದೆ ಬಚ್ಚಿಟ್ಟ. ಆಮೇಲೆ ಗಾಡಿ ಹೂಡಿ ಮೇವು ಹೇರಿ ಇವರನ್ನು ರಾತ್ರೋರಾತ್ರಿ ಗಜೇಂದ್ರಗಡದ ದಾರಿಗೆ ಹಚ್ಚಿದವನೂ ಅವನೇ.

ಹುಡುಗನಾಗಿದ್ದಾಗ ನಾನು ಆಯಿಯನ್ನು ಕೇಳುತ್ತಿದ್ದೆ: “ಆಯಿ, ಶಿಬಿರದವರು ನಿಂತು ಯಾಕ ಹೊಡೆದಾಡಲಿಲ್ಲ?” ಅವಳ ಉತ್ತರ ಯಾವಾಗಲೂ ಒಂದೇ: “ಬಂದವರು ಬಂದ್ರು, ಹೋಗವರು ಹೋದ್ರು ತಮ್ಮಾ. ಊರು ಎಲ್ಲಿಗೆ ಹೋಗಬೇಕು?”

ಊರು ಎಲ್ಲಿಗೂ ಹೋಗಲಾರದು. ಬೀದರ ಜಿಲ್ಲೆಯ ಗೋರಟಾ ಗ್ರಾಮ ಅದಕ್ಕೆ ಘೋರ ಸಾಕ್ಷಿ. ೧೯೪೮ರ ಮೇ ತಿಂಗಳಲ್ಲಿ, ರಜಾಕಾರ ಮುಖಂಡನೊಬ್ಬನ ಕೊಲೆಯ ಸೇಡು ತೀರಿಸಿಕೊಳ್ಳಲು ಬಂದವರು ಅಲ್ಲಿ ಇನ್ನೂರರಷ್ಟು ಜನರನ್ನು ಕೊಂದರು. ಕೊಂದವರು ರಜಾಕಾರರೇ, ಆ ಪಾಪ ಅವರದೇ. ದಾಳಿಗಾರರ ತಲೆಗೆ ಅದನ್ನು ಕಟ್ಟುವುದು ಅನ್ಯಾಯ. ಅನ್ಯಾಯದ ಆಳಿಕೆಯ ಎದುರು ಶಸ್ತ್ರ ಹಿಡಿದವರ ಧೈರ್ಯವನ್ನು ನಾನು ಅಲ್ಲಗಳೆಯಲಾರೆ. ಆದರೆ ಸಾಹಸದ ಬೆಲೆಯನ್ನು ಸಾಹಸಿಯೊಬ್ಬನೇ ತೆರುವುದಿಲ್ಲ ಎಂಬುದನ್ನು ಇತಿಹಾಸ ಬರೆಯುವವನು ಮರೆಯಬಾರದು.

ಒಂದೇ ದಾಳಿಗೆ ಆಗ ಮೂರು ಹೆಸರುಗಳಿದ್ದವು. ಶಿಬಿರದಲ್ಲಿ ಅದು ವಿಮೋಚನೆ. ಹೈದರಾಬಾದ್ ಸರಕಾರದ ಪತ್ರಗಳಲ್ಲಿ ಅದು ಭಾರತದಿಂದ ನುಗ್ಗಿದವರ ಪುಂಡಾಟ. ದಿಲ್ಲಿಯ ಉತ್ತರಗಳಲ್ಲಿ ಅದು ರಜಾಕಾರರ ಹಾವಳಿಯಿಂದ ಸಹಜವಾಗಿ ಹುಟ್ಟಿದ ಪ್ರತಿಕ್ರಿಯೆ. ಈ ಜಗಳ ಕಡೆಗೆ ಸಮುದ್ರವನ್ನೂ ದಾಟಿತು. ೧೯೪೮ರ ಆಗಸ್ಟ್ ೨೧ರಂದು ಹೈದರಾಬಾದ್ ಸರಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಲಿಗೆ ದೂರು ಕೊಟ್ಟಿತು. ಸಪ್ಟೆಂಬರ್ ೧೬ರಂದು ಪ್ಯಾರಿಸ್ಸಿನಲ್ಲಿ ಮಂಡಲಿ ಆ ದೂರನ್ನು ಕೈಗೆತ್ತಿಕೊಂಡಾಗ ಭಾರತದ ಸೈನ್ಯ ಹೈದರಾಬಾದಿನೊಳಗೆ ನಾಲ್ಕನೆಯ ದಿನ ನಡೆಯುತ್ತಿತ್ತು. ೧೩ರಂದು ಹೊರಟ ಸೈನ್ಯಕ್ಕೆ ೧೭ರಂದು ನಿಜಾಮರು ಮಣಿದರು. ಸರಕಾರ ಅದನ್ನು ಪೋಲೀಸ್ ಕಾರ್ಯಾಚರಣೆ ಎಂದು ಕರೆಯಿತು. ಕುಷ್ಟಗಿಯ ಹೊಲಗಳಲ್ಲಿ ಓಡಿದವರಿಗೆ ಅದು ಯುದ್ಧವೇ; ತಿಂಗಳುಗಟ್ಟಲೆ ಮೊದಲೇ ಆರಂಭವಾದ, ಯಾರೂ ಸಾರದ ಯುದ್ಧ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಸಪ್ಟೆಂಬರದ ನಂತರ ಗಡಿಯ ದಾರಿಗಳು ತೆರೆದವು. ಆ ದಾರಿಗಳಲ್ಲಿ ಮನೆಗೆ ಮರಳುವವರು ಮಾತ್ರ ಹೋಗಲಿಲ್ಲ. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ಸಮಿತಿಯನ್ನು ಕೇಂದ್ರ ಸರಕಾರವೇ ಆ ವರ್ಷದ ಕೊನೆಗೆ ಕಳಿಸಿತು. ಸಂಸ್ಥಾನದಾದ್ಯಂತ ಕನಿಷ್ಠ ೨೭ ಸಾವಿರದಿಂದ ೪೦ ಸಾವಿರ ಜನ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅನಂತರ ಸತ್ತರೆಂದು ಅವರು ಅಂದಾಜು ಮಾಡಿದರು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಬೀದರಗಳೂ ಇವೆ. ಗಡಿಯಾಚೆಯ ಊರುಗಳಿಂದ ಬಂದ ಶಸ್ತ್ರಧಾರಿಗಳೂ ಇದರಲ್ಲಿ ಕೈಯಿಟ್ಟರೆಂದು ಆ ವರದಿ ಹೇಳುತ್ತದೆ. ಅನೇಕ ದಶಕಗಳ ಕಾಲ ಅದು ಕಪಾಟಿನಲ್ಲಿ ಬೀಗ ಹಾಕಿಕೊಂಡು ಕುಳಿತಿತ್ತು.

ಆಯಿಯ ಕುಟುಂಬ ಊರಿಗೆ ಮರಳಿದಾಗ ಪಿಂಜಾರ ಸಾಬನ ಮನೆಯ ಬಾಗಿಲು ತೆರೆದೇ ಇತ್ತಂತೆ. ಒಳಗೆ ಯಾರೂ ಇರಲಿಲ್ಲ. ಅರಳೆ ಅಂಗಳದ ತುಂಬ ಹಾರಾಡುತ್ತಿತ್ತು. ಎಲ್ಲಿಗೆ ಹೋದರೆಂದು ಅವಳ ಅಪ್ಪ ಓಣಿಯಲ್ಲಿ ಕೇಳಿದ. ಯಾರೂ ಹೇಳಲಿಲ್ಲ. ಆಯಿ ಈ ಎರಡು ಸಂಗತಿಗಳನ್ನು, ಕಂಬಕ್ಕೆ ಕಟ್ಟಿದ ಅಪ್ಪನನ್ನೂ ತೆರೆದ ಬಾಗಿಲ ಮನೆಯನ್ನೂ, ಎಂದೂ ಬೇರೆ ಬೇರೆ ಮಾಡಿ ಹೇಳಿದವಳಲ್ಲ. ಒಂದನ್ನು ಎತ್ತಿದರೆ ಇನ್ನೊಂದನ್ನು ಮುಗಿಸಿಯೇ ಎಲೆಯಡಿಕೆಗೆ ಕೈ ಹಾಕುತ್ತಿದ್ದಳು. ಓದು ಬರಹ ಬಾರದ ಅವಳಿಗಿದ್ದ ಈ ಇತಿಹಾಸಪ್ರಜ್ಞೆ ನಮ್ಮ ಪುಸ್ತಕಗಳಿಗೆ ಎಷ್ಟೋ ಸಲ ಇಲ್ಲ.

ಶಿಬಿರದ ಹಿರಿಯರಿಗೆ ನಾಡು ಗೌರವ ಸಲ್ಲಿಸಿತು, ಅದು ಯೋಗ್ಯವೇ. ೧೯೫೨ರ ಮೊದಲ ಚುನಾವಣೆಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳನ್ನು ಕುಷ್ಟಗಿಯ ಮತದಾರರು ಪಕ್ಷೇತರರಾಗಿಯೇ ಲೋಕಸಭೆಗೆ ಕಳಿಸಿದರು. ಶಿಬಿರಗಳಲ್ಲಿ ದುಡಿದವರನ್ನು ಕೇಂದ್ರ ಸರಕಾರ ಸ್ವಾತಂತ್ರ್ಯ ಯೋಧರೆಂದು ಎಣಿಸಿ ಪಿಂಚಣಿ ಕೊಟ್ಟಿತು. ೧೯೫೬ರಲ್ಲಿ ಕರ್ನಾಟಕ ಒಂದಾದಾಗ ಆ ಗಡಿಗೆರೆಯೇ ಅಳಿಸಿಹೋಯಿತು. ಈಗ ಪ್ರತಿ ಸಪ್ಟೆಂಬರ್ ೧೭ರಂದು ಕಲ್ಯಾಣ ಕರ್ನಾಟಕದಲ್ಲಿ ಧ್ವಜ ಏರುತ್ತದೆ, ಭಾಷಣಗಳಾಗುತ್ತವೆ. ರೊಟ್ಟಿ ಕೊಟ್ಟು ಏಟು ತಿಂದವರಿಗೆ ಪ್ರಮಾಣಪತ್ರವಿಲ್ಲ. ಅರಳೆಯ ಹಿಂದೆ ಬಚ್ಚಿಟ್ಟವನಿಗೆ ಮನೆಯೇ ಇಲ್ಲ. ಅವರಿಗೆ ಪಿಂಚಣಿ ಕೊಡಿರೆಂದು ನಾನು ಕೇಳುತ್ತಿಲ್ಲ. ಅವರಲ್ಲಿ ಈಗ ಯಾರು ಉಳಿದಿದ್ದಾರೆ? ಭಾಷಣದಲ್ಲಿ ಒಂದು ವಾಕ್ಯವಾದರೂ ಅವರ ಪಾಲಿಗೆ ಇರಲಿ ಎಂಬುದಷ್ಟೇ ನನ್ನ ಬಿನ್ನಹ.

ಶಿವಯೋಗ ಮಂದಿರದ ಮೆಟ್ಟಿಲ ಮೇಲೆ ಆ ಹುಡುಗನಿಗೆ ನಾನು ಅರ್ಧ ಉತ್ತರ ಕೊಟ್ಟೆ. ಮುಂದಿನ ವರ್ಷ ಅಲ್ಲಿಗೆ ಹೋದಾಗ ಉಳಿದರ್ಧವನ್ನೂ ಹೇಳಬೇಕೆಂದಿದ್ದೇನೆ. ವಟುಗಳು ನಡೆದು ಬಂದರು, ಶಿಬಿರದವರು ನಡೆದು ಹೋದರು, ನನ್ನ ಆಯಿ ಮೇವಿನ ಕೆಳಗೆ ಮಲಗಿ ಬಂದಳು. ಅವಳನ್ನು ಗಾಡಿಗೆ ಹತ್ತಿಸಿದವನು ಮಾತ್ರ ಎಲ್ಲಿಗೂ ಬರಲಿಲ್ಲ. ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಲು ಬಂದ ದಿನ ನನ್ನ ಪಾಠ ಪೂರ್ತಿಯಾದೀತು.