ಕಡಲ ಸುಳಿಗಳಲ್ಲಿ ಪೋಷಕಾಂಶ ಮತ್ತು ಆಮ್ಲಜನಕದ ಬದಲಾವಣೆ

ಅರಬ್ಬಿ ಸಮುದ್ರದಲ್ಲಿ ಸುಮಾರು 100 ಕಿ.ಮೀ. ಅಗಲದ ಸುಳಿಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತವೆ. ಅಪ್ರದಕ್ಷಿಣವಾಗಿ ತಿರುಗುವ ಸುಳಿಯಲ್ಲಿ ಮೂರು ಹಂತಗಳನ್ನು ಗುರುತಿಸಬಹುದು.

ಆರಂಭ: ಆಳದ ತಂಪು ನೀರು ಮೇಲೇರುತ್ತದೆ. ಅದರೊಂದಿಗೆ ನೈಟ್ರೇಟ್, ಫಾಸ್ಫೇಟ್‌ಗಳು ಬೆಳಕಿರುವ ಪದರವನ್ನು ಸೇರುತ್ತವೆ.

ಮಧ್ಯ: ಸಸ್ಯಪ್ಲವಕಗಳು ವೃದ್ಧಿಸಿ ಪೋಷಕಾಂಶಗಳನ್ನು ಬಳಸಿಕೊಳ್ಳುತ್ತವೆ, ಮೇಲ್ಪದರದಲ್ಲಿ ಆಮ್ಲಜನಕ ಹೆಚ್ಚುತ್ತದೆ.

ಅಂತ್ಯ: ಪೋಷಕಾಂಶಗಳ ಪೂರೈಕೆ ಕುಗ್ಗುತ್ತದೆ. ಸತ್ತ ಪ್ಲವಕಗಳು ಕೆಳಗಿಳಿದು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಹೀರುತ್ತವೆ. ಈ ಸಮುದ್ರದ ನಡು ಆಳದಲ್ಲಿ ಆಮ್ಲಜನಕ ಮೊದಲೇ ಕಡಿಮೆಯಿರುವುದರಿಂದ ಮೀನುಗಳು ಮೇಲ್ಪದರಕ್ಕೆ ಅಥವಾ ಬೇರೆಡೆಗೆ ಸರಿಯಬಹುದು.

ಸಲಹೆ: ಸುಳಿಯ ಹಂತವು ದಡದಿಂದ ತಿಳಿಯದು. ಹಳೆಯ ಮಾಹಿತಿಯನ್ನು ನಂಬಿ ಡೀಸೆಲ್ ವ್ಯಯಿಸದೆ, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯು ಮೀನು ದೊರೆಯಬಹುದಾದ ವಲಯಗಳ ಕುರಿತು ನೀಡುವ ಇತ್ತೀಚಿನ ಸೂಚನೆಯನ್ನು ನೋಡಿಕೊಂಡೇ ಮೀನುಗಾರರು ಕಡಲಿಗಿಳಿಯುವುದು ಸೂಕ್ತ.