ಬೆಟ್ಟದ ಮೇಲಿನ ರೇಡಿಯೋ ಶಾಲೆ

ಪ್ರಭುವಿನ ಸ್ವರ್ಗಾರೋಹಣದ ಭಾನುವಾರದಂದೇ ನಮ್ಮ ನಾಡಿನ ಧರ್ಮಕೇಂದ್ರಗಳಲ್ಲಿ ಸಂಪರ್ಕ ಮಾಧ್ಯಮ ದಿನವನ್ನೂ ಆಚರಿಸುತ್ತೇವೆ. 1967ರಲ್ಲಿ ಆರಂಭವಾದ ರೂಢಿ ಇದು. ಗುರು ಕಣ್ಮರೆಯಾದ ಮೇಲೆ ಕೆಲಸವೆಲ್ಲ ಬೆಸ್ತರ ಕೈಗೆ ಬಂದದ್ದೇ ಈ ಹಬ್ಬದ ಸಂಗತಿಯಲ್ಲವೇ? ಆದ್ದರಿಂದ ಕೊಲಂಬಿಯಾ ದೇಶದ ಒಂದು ರೇಡಿಯೋ ಕೇಂದ್ರದ ಚರಿತ್ರೆಯನ್ನು ಇಂದು ನೆನೆಯೋಣ.

1947ರಲ್ಲಿ ಹೋಸೆ ಹೊವಾಕಿನ್ ಸಾಲ್ಸೆದೊ ಎಂಬ ಯುವಗುರು, ಆಂಡಿಸ್ ಬೆಟ್ಟಸಾಲಿನ ಸುತಾತೆನ್ಸಾ ಎಂಬ ಊರಿಗೆ ಸಹಾಯಕ ಗುರುಗಳಾಗಿ ಬಂದರು. ರೈತರ ಮನೆಗಳು ಗುಡ್ಡಕ್ಕೊಂದರಂತೆ ಚದುರಿದ್ದವು. ಓದು ಬರೆಹ ಬಲ್ಲವರು ಕಡಿಮೆ, ಶಾಲೆ ದೂರ. ಸ್ವಾಮಿಗಳಿಗೆ ಸಿನಿಮಾ, ರೇಡಿಯೋಗಳ ಹುಚ್ಚು. ಕೈಯಿಂದಲೇ ಜೋಡಿಸಿದ ಚಿಕ್ಕ ಪ್ರಸಾರ ಯಂತ್ರವೊಂದನ್ನು ಇಟ್ಟುಕೊಂಡು, ಅದೇ ವರ್ಷ ಆ ಊರಿನ ರೈತರ ಹಾಡನ್ನೇ ಬಾನಿಗೆ ಬಿಟ್ಟರು. 'ರೇಡಿಯೋ ಸುತಾತೆನ್ಸಾ' ಹುಟ್ಟಿದ್ದು ಹೀಗೆ.

ಹಾಡಿನಿಂದ ಅಕ್ಷರಕ್ಕೆ ಬಂದರು. ಬ್ಯಾಟರಿಯಿಂದ ನಡೆಯುವ ರೇಡಿಯೋ ಪೆಟ್ಟಿಗೆಗಳನ್ನು ಮನೆಗಳಿಗೆ ತಲುಪಿಸಿದರು. ಅವುಗಳಲ್ಲಿ ಈ ಒಂದು ಕೇಂದ್ರ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ! ಅದು ಸರಿಯೇ ಎಂದು ಇಂದು ನಾವು ಕೇಳಬಹುದು. ಸಂಜೆ ಮನೆಮಂದಿ, ನೆರೆಯವರು ಪೆಟ್ಟಿಗೆಯ ಸುತ್ತ ಕೂಡುತ್ತಿದ್ದರು. ದೂರದಿಂದ ಮೇಷ್ಟ್ರು ಹೇಳಿದ ಅಕ್ಷರವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಲು ಒಬ್ಬರು ಬೇಕಲ್ಲ? ಅಲ್ಪಸ್ವಲ್ಪ ಓದಬಲ್ಲ ಮಗನೋ, ಮಗಳೋ, ಪಕ್ಕದ ಮನೆಯವನೋ ಆ ಕೆಲಸಕ್ಕೆ ನಿಂತರು. ಇವರನ್ನು 'ಹತ್ತಿರದ ಸಹಾಯಕರು' ಎಂದು ಕರೆದರು. ಸಂಬಳವಿರಲಿಲ್ಲ. ಮೇಷ್ಟ್ರು ಕಣ್ಣಿಗೆ ಕಾಣದ ಈ ಶಾಲೆಯ ನಿಜವಾದ ನಾಯಕರು ಇವರೇ ಎಂದು ನಮಗನಿಸುತ್ತದೆ. 1954ರಲ್ಲಿ ರೈತ ಮುಂದಾಳುಗಳ ತರಬೇತಿಗೆಂದೇ ಒಂದು ಸಂಸ್ಥೆ ತೆರೆಯಿತು. ಮುಂದೆ ಹೆಂಗಸರಿಗೂ ಅಂಥದೇ ಒಂದು ಬಂತು. ಕಲಿತವರು ಊರಿಗೆ ಮರಳಿ ಕುದಿಸಿದ ನೀರು, ಒಲೆ, ಗೊಬ್ಬರ, ಜಪ ಎಲ್ಲವನ್ನೂ ನೆರೆಯವರಿಗೆ ಹೇಳಿಕೊಟ್ಟರು.

ಸಂಸ್ಥೆ ರಾಜಧಾನಿ ಬೊಗೋಟಾವರೆಗೆ ಬೆಳೆಯಿತು. 1958ರಲ್ಲಿ 'ಎಲ್ ಕಾಂಪೆಸಿನೊ', ಅಂದರೆ 'ರೈತ' ಎಂಬ ವಾರಪತ್ರಿಕೆ ಹೊರಟಿತು. ವರ್ಷಗಳುದ್ದಕ್ಕೂ ಕೇಳುಗರಿಗೂ ಕೇಂದ್ರಕ್ಕೂ ನಡುವೆ ಓಡಾಡಿದ ಪತ್ರಗಳು ಹತ್ತು ಲಕ್ಷಕ್ಕೂ ಮಿಕ್ಕಿ. ಅಕ್ಷರ ಕಲಿತ ಕೈ ಮೊದಲು ಬರೆದದ್ದು ಸ್ವಾಮಿಗಳಿಗೆ!

ಆದರೆ ಮೇಲಿನ ಹಂತದಲ್ಲಿ ಕೈ ಬದಲಾಗುವುದು ಅಷ್ಟು ಸುಲಭವಾಗಲಿಲ್ಲ. ದಶಕಗಳ ಕಾಲ ಸಂಸ್ಥೆಯೆಂದರೆ ಸಾಲ್ಸೆದೊ, ಸಾಲ್ಸೆದೊ ಎಂದರೆ ಸಂಸ್ಥೆ. ಕುಟುಂಬದ ಗಾತ್ರದ ಕುರಿತ ಪಾಠಗಳಿಂದ ಧರ್ಮಾಧ್ಯಕ್ಷರೊಂದಿಗೆ ಮನಸ್ತಾಪ ಬೆಳೆಯಿತು. ಸರಕಾರದ ನೆರವು, ಹೊರನಾಡಿನ ಹಣ ಎರಡೂ ಬತ್ತಿದವು. ಅಗ್ಗದ ಟ್ರಾನ್ಸಿಸ್ಟರ್ ಬಂದ ಮೇಲೆ ರೈತ ತನಗೆ ಬೇಕಾದ ಕೇಂದ್ರವನ್ನು ತಿರುಗಿಸಿಕೊಂಡ. ಹೊಸಬರಿಗೆ ಒಪ್ಪಿಸಲು ಉಳಿದದ್ದು ಸಾಲದ ಹೊರೆ. 1989ರಲ್ಲಿ ಕೇಂದ್ರಗಳು ಕಾರಾಕೋಲ್ ಎಂಬ ವಾಣಿಜ್ಯ ರೇಡಿಯೋ ಸಂಸ್ಥೆಗೆ ಮಾರಾಟವಾದವು. ಸಾಲ್ಸೆದೊ 1994ರಲ್ಲಿ ತೀರಿಕೊಂಡರು.

ಸಹಾಯಕರಲ್ಲಿ ಹಲವರು ಅಷ್ಟರಲ್ಲಿ ತಮ್ಮ ಹಳ್ಳಿಗಳ ಸಹಕಾರ ಸಂಘ, ಊರ ಸಮಿತಿಗಳಲ್ಲಿ ಕೂತಿದ್ದರು. ಅವರೂ ಅವರ ನೆರೆಯವರೂ ಬರೆದ ಪತ್ರಗಳು ಈಗ ಬೊಗೋಟಾದ ಲೂಯಿಸ್ ಆಂಹೆಲ್ ಅರಾಂಗೊ ಗ್ರಂಥಾಲಯದಲ್ಲಿವೆ.