ಎರಡನೇ ಡಿವಿಜನ್ನಿನ ಬಾಗಿಲು

ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬಿನ ಮಾತು ಬಂದಾಗಲೆಲ್ಲ ನಾವು 1934ರ ಗೆಲುವನ್ನು ಹೇಳಿಕೊಳ್ಳುತ್ತೇವೆ. 1898ರಲ್ಲಿ ಆರಂಭವಾದ ಕಲ್ಕತ್ತಾ ಫುಟ್‌ಬಾಲ್ ಲೀಗನ್ನು ಅದುವರೆಗೆ ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. ಪ್ರಶಸ್ತಿಯೆಲ್ಲ ಬಿಳಿಯರ ಪಲ್ಟನ್ನುಗಳಿಗೆ, ಬಿಳಿಯರ ಕ್ಲಬ್ಬುಗಳಿಗೆ ಸೇರುತ್ತಿತ್ತು. ಅದನ್ನು ಮೊದಲು ಗೆದ್ದ ಮೊಹಮ್ಮಡನ್, 1938ರವರೆಗೆ ಸತತ ಐದು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ. ಆದರೆ ಅದರ ಹಿಂದಿನ ವರ್ಷ, 1933ರಲ್ಲಿ, ಅದೇ ತಂಡ ಎರಡನೇ ಡಿವಿಜನ್ನಿನಲ್ಲಿತ್ತು. ಆ ವರ್ಷವನ್ನು ನೆನೆಯುವವರು ಕಡಿಮೆ.

1891ರಲ್ಲಿ ಹುಟ್ಟಿದ ಕ್ಲಬ್ಬು ನಾಲ್ಕು ದಶಕ ಮೊದಲ ಡಿವಿಜನ್ನಿನ ಮುಖ ಕಂಡಿರಲಿಲ್ಲ. ಅಂದಿನ ಏಣಿಯೂ ಎಲ್ಲರದಾಗಿರಲಿಲ್ಲ. ಮೊದಲ ಡಿವಿಜನ್ನಿನಲ್ಲಿ ಎರಡೇ ಭಾರತೀಯ ತಂಡಗಳಿರಬೇಕು ಎಂಬ ನಿಯಮವಿತ್ತು. 1915ರಲ್ಲಿ ಮೋಹನ್ ಬಗಾನ್, ಮರುವರ್ಷ ಆರ್ಯನ್ ಕ್ಲಬ್ ಒಳಹೊಕ್ಕವು. ಅಲ್ಲಿಗೆ ಲೆಕ್ಕ ಮುಗಿಯಿತು. ಮೂರನೆಯವರು ಎಷ್ಟೇ ಅಂಕ ಗಳಿಸಿದರೂ ಬಣ್ಣದ ಗೋಡೆ ಅಡ್ಡವಿತ್ತು.

ಆ ಗೋಡೆಯನ್ನು ಕೆಡವಿದ್ದು ನಮ್ಮ ತಂಡವಲ್ಲ. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಕ್ಲಬ್ 1924ರಲ್ಲಿ ಬಡ್ತಿಗೆ ಅರ್ಹವಾಗಿ, ನಿಯಮ ಬದಲಿಸುವಂತೆ ಪಟ್ಟು ಹಿಡಿಯಿತು. ಆಗಲೇ ಒಳಗಿದ್ದ ಎರಡು ಭಾರತೀಯ ಕ್ಲಬ್ಬುಗಳೇ ಅದನ್ನು ವಿರೋಧಿಸಿದವೆಂದೂ ಯುರೋಪಿಯನ್ ಕ್ಲಬ್ಬುಗಳು ಒಪ್ಪಿದವೆಂದೂ ಕ್ರೀಡಾ ಇತಿಹಾಸಕಾರರು ದಾಖಲಿಸಿದ್ದಾರೆ. ಮೊದಲು ಹತ್ತಿದವರು ಏಣಿಯನ್ನು ಎಳೆದುಕೊಳ್ಳುವುದು ಹೊಸದೇನಲ್ಲ. ಅಂತೂ ನಿಯಮ ಹೋಯಿತು, 1925ರಲ್ಲಿ ಈಸ್ಟ್ ಬೆಂಗಾಲ್ ಮೇಲೇರಿತು. ಎಂಟು ವರ್ಷಗಳ ನಂತರ ಮೊಹಮ್ಮಡನ್ ದಾಟಿದ್ದು ಇದೇ ಬಾಗಿಲನ್ನು.

ಬಾಗಿಲು ತೆರೆದಿದ್ದರೆ ಸಾಲದು, ನಡೆಯುವ ಕಾಲೂ ಬೇಕು. ಕ್ಲಬ್ಬಿನವರು ಕಲ್ಕತ್ತೆಯ ಮೊಹಲ್ಲಾಗಳನ್ನಷ್ಟೇ ನೆಚ್ಚಿ ಕೂರಲಿಲ್ಲ. ನಮ್ಮ ಬೆಂಗಳೂರೂ ಸೇರಿದಂತೆ ದೂರದೂರುಗಳಿಂದ ಪ್ರತಿಭೆಗಳನ್ನು ಕರೆತಂದರು. ಹೆಸರಾಂತ ಆಟಗಾರ ಸಮದ್ 1933ರಲ್ಲಿ ತಂಡ ಸೇರಿದರು. ಬರಿಗಾಲ ಆಟವೇ ಭಾರತೀಯರ ಹೆಮ್ಮೆಯಾಗಿದ್ದ ಕಾಲದಲ್ಲಿ, ಮಳೆಗೆ ಕೆಸರಾದ ಮೈದಾನದಲ್ಲಿ ಬೂಟು ತೊಟ್ಟು ಆಡುವುದನ್ನು ಕಲಿತರು. ಬಿಳಿಯರ ಅನುಕೂಲ ಬೂಟಿನಲ್ಲಿದ್ದರೆ ಅದನ್ನು ನಾವೂ ತೊಡೋಣ ಎಂಬ ಸರಳ ವಿವೇಕ ಅದು.

ಬೆಂಗಳೂರಿಗೂ ಈ ಕಥೆಗೂ ಇನ್ನೊಂದು ನಂಟಿದೆ. 1937ರ ರೋವರ್ಸ್ ಕಪ್ ಫೈನಲ್‌ನಲ್ಲಿ ಅಜೇಯವೆನಿಸಿದ್ದ ಇದೇ ಮೊಹಮ್ಮಡನ್ ತಂಡವನ್ನು ಬೆಂಗಳೂರು ಮುಸ್ಲಿಮ್ಸ್ ಸೋಲಿಸಿತು. ಎರಡೂ ತಂಡಗಳ ಹೆಸರಲ್ಲಿ ಮುಸ್ಲಿಮರೇ ಇದ್ದರು. ಆದರೂ ಗೆದ್ದವರು ಒಬ್ಬರು, ಸೋತವರು ಒಬ್ಬರು. ಆಟದ ನ್ಯಾಯವೇ ಹಾಗೆ.

ಪ್ರತ್ಯೇಕ ಮತಕ್ಷೇತ್ರಗಳ ಆ ದಿನಗಳಲ್ಲಿ ಮೈದಾನದ ಗೆಲುವನ್ನು ಕೋಮಿನ ಗೆಲುವಾಗಿ ಓದಿದವರು ಎರಡೂ ಕಡೆ ಇದ್ದರು. ದಬ್ಬಿಸಿಕೊಂಡ ಸಮುದಾಯವೊಂದು ತಲೆಯೆತ್ತಿ ನಡೆದದ್ದು ಸುಳ್ಳಲ್ಲ, ಆ ಸಂತೋಷ ತಪ್ಪೂ ಅಲ್ಲ. ಆದರೆ ಗೆಲುವನ್ನು ನಮ್ಮದೆಂದು ಎತ್ತಿಕೊಳ್ಳುವಾಗ, ದಾರಿ ಮಾಡಿಕೊಟ್ಟ ಪರರ ಹೋರಾಟವನ್ನು ಮರೆತರೆ ಅದು ಕೃತಘ್ನತೆಯಾಗುತ್ತದೆ.

2024ರಲ್ಲಿ ಐ-ಲೀಗ್ ಗೆದ್ದು ಮೊಹಮ್ಮಡನ್ ಮತ್ತೊಮ್ಮೆ ಬಡ್ತಿ ಪಡೆಯಿತು, ಇಂಡಿಯನ್ ಸೂಪರ್ ಲೀಗಿಗೆ. ಅಲ್ಲಿ 2024-25ರ ಋತುವಿನಲ್ಲಿ ಕಟ್ಟಕಡೆಯ ಸ್ಥಾನ ಬಂತು. 1934ರ ಪವಾಡ ಮರುಕಳಿಸಲಿಲ್ಲವೆಂದು ಮರುಗುವ ಮುನ್ನ 1933ನ್ನು ಓದುವುದು ಒಳಿತು. ಅಲ್ಲಿರುವುದು ಪವಾಡವಲ್ಲ, ತಯಾರಿ.